99 ವರ್ಷಗಳ ಸ್ವಂತ ಮನೆ

1961ನೆಯ ಇಸವಿ ಮೇ 25. ಸಿಂಗಪುರದಲ್ಲಿ ಅಂದು ಬಕ್ರೀದ್ ಹಬ್ಬದ ರಜೆ. ಮಧ್ಯಾಹ್ನದ ಹೊತ್ತಿಗೆ ಬುಕಿಟ್ ಹೊ ಸ್ವೀ ಎಂಬ ಬಡವರ ಕೇರಿಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಮರದ ಹಲಗೆಯ ಗೋಡೆ, ತಾಳೆಗರಿಯ ಹೊದಿಕೆ, ಒಂದಕ್ಕೊಂದು ಅಂಟಿಕೊಂಡ ಗುಡಿಸಲುಗಳು. ಜೊತೆಗೆ ಗಾಳಿಯೂ ಸೇರಿತೆಂದರೆ ಕೇಳುವುದೇನು? ಕತ್ತಲಾಗುವಷ್ಟರಲ್ಲಿ ಸುಮಾರು 16 ಸಾವಿರ ಜನ ಉಟ್ಟ ಬಟ್ಟೆಯಲ್ಲಿ ಬೀದಿಗೆ ಬಿದ್ದಿದ್ದರು. ನಾಲ್ವರು ಪ್ರಾಣ ತೆತ್ತಿದ್ದರು.

ಆ ನಗರದ ವಸತಿ ಮತ್ತು ಅಭಿವೃದ್ಧಿ ಮಂಡಳಿಗೆ ಆಗ ಒಂದು ವರ್ಷ ತುಂಬಿ ಮೂರು ತಿಂಗಳಾಗಿತ್ತು, ಅಷ್ಟೆ. ಅದಕ್ಕೆ ಮೊದಲು ಬ್ರಿಟಿಷರ ಕಾಲದ ಟ್ರಸ್ಟೊಂದು 1927ರಿಂದ ಮನೆ ಕಟ್ಟುವ ಕಾರ್ಯದಲ್ಲಿ ತೊಡಗಿ, ಮೂವತ್ತೆರಡು ವರ್ಷಗಳಲ್ಲಿ ಸುಮಾರು 23 ಸಾವಿರ ವಸತಿಗಳನ್ನು ಪೂರೈಸಿತ್ತು. ಹೊಸ ಮಂಡಳಿಯಾದರೋ ಮೊದಲ ಐದೇ ವರ್ಷಗಳಲ್ಲಿ 50 ಸಾವಿರವನ್ನು ದಾಟಿತು. ಅದರ ಪ್ರಥಮ ಅಧ್ಯಕ್ಷ ಲಿಮ್ ಕಿಮ್ ಸಾನ್ ವೃತ್ತಿಯಿಂದ ವ್ಯಾಪಾರಿ. ಸಂಬಳ ಮುಟ್ಟದೆ ದುಡಿದ ಈ ಗೃಹಸ್ಥರಿಗೆ 1965ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. ಬೂದಿಯಾದ ಕೇರಿಯ ಸುತ್ತ ಒಂದು ವರ್ಷದೊಳಗೆ ಹೊಸ ವಠಾರಗಳೆದ್ದವು. ಒಂದು ಕೋಣೆಯ ಮನೆಗೆ ತಿಂಗಳಿಗೆ 20 ಡಾಲರ್ ಬಾಡಿಗೆ.

ನೆಲದ ಮೇಲೆ ಬಾಳಿದವರನ್ನು ಮುಗಿಲಿಗೆ ಏರಿಸುವುದು ಸುಲಭದ ಮಾತಾಗಿರಲಿಲ್ಲ. ಪ್ರಧಾನಿಯಾಗಿದ್ದ ಲೀ ಕ್ವಾನ್ ಯೂ ತಮ್ಮ ನೆನಪುಗಳಲ್ಲಿ ಬರೆದಿರುವಂತೆ, ಹಂದಿ ಸಾಕುತ್ತಿದ್ದ ರೈತರು ಹಂದಿಗಳನ್ನು ಬಿಟ್ಟಿರಲಾರದೆ ಮೆಟ್ಟಿಲ ಮೇಲೆ ಅವನ್ನು ಪುಸಲಾಯಿಸಿ ಹತ್ತಿಸುತ್ತಿದ್ದರಂತೆ! ಹನ್ನೆರಡು ಮಕ್ಕಳ ಒಂದು ಸಂಸಾರ ಕೋಳಿ ಬಾತುಗಳನ್ನು ಅಡುಗೆಮನೆಯಲ್ಲೇ ಸಾಕಲು ಮುಂದಾಗಿ, ಬಾಗಿಲಿಗೆ ಮರದ ತಡೆಯನ್ನೂ ಹಾಕಿಸಿತಂತೆ. ಹಳೆಯ ಸಂಸಾರವನ್ನು ಗೋಣಿಯಲ್ಲಿ ಕಟ್ಟಿ ಒಯ್ಯಬಹುದು, ಹಳೆಯ ಅಂಗಳವನ್ನು ಒಯ್ಯುವುದೆಂತು?

ಇದುವರೆಗಿನದು ಬಾಡಿಗೆಯ ಕಥೆ. 1964ರಲ್ಲಿ ಸರ್ಕಾರ ಇನ್ನೊಂದು ಹೆಜ್ಜೆಯಿಟ್ಟು, ಕ್ವೀನ್ಸ್‌ಟೌನ್ ಬಡಾವಣೆಯ ಮನೆಗಳನ್ನು ಮಾರಾಟಕ್ಕಿಟ್ಟಿತು. ಎರಡು ಕೋಣೆಯದಕ್ಕೆ 4,900 ಡಾಲರ್, ಮೂರರದಕ್ಕೆ 6,200. ಬೆಲೆ ಹೆಚ್ಚಲ್ಲ; ಆದರೂ ಮೊದಲು ಕೈಯಿಂದ ಕಟ್ಟಬೇಕಾದ ಹಣ ಎಲ್ಲಿಂದ ಬರಬೇಕು? ಜನ ಹಿಂಜರಿದರು. ಗಂಟು ಬಿಚ್ಚಿದ್ದು 1968ರಲ್ಲಿ. ನೌಕರನ ಸಂಬಳದಿಂದ ಒಂದು ಪಾಲು, ಧಣಿಯಿಂದ ಒಂದು ಪಾಲು ತಿಂಗಳು ತಿಂಗಳೂ ಜಮೆಯಾಗುವ ಭವಿಷ್ಯನಿಧಿ 1955ರಿಂದಲೂ ಅಲ್ಲಿತ್ತು. ಮುಪ್ಪಿಗೆಂದು ಇಟ್ಟ ಆ ಹಣದಿಂದಲೇ ಮನೆಯ ಮುಂಗಡವನ್ನೂ ಕಂತನ್ನೂ ಕಟ್ಟಬಹುದೆಂದು ಅನುಮತಿಯಾಯಿತು. ಕೈಗೆ ಬರುವ ಸಂಬಳಕ್ಕೆ ಕತ್ತರಿ ಬೀಳದೆ ಮನೆಯೊಂದು ಕೈಸೇರುವುದಾದರೆ ಬೇಡವೆನ್ನುವವರಾರು? ಲೀ ಅವರ ಲೆಕ್ಕಾಚಾರ ಗೃಹಕೃತ್ಯದಿಂದಾಚೆಗೂ ಹೋಗಿತ್ತು. ಕಡ್ಡಾಯ ಸೈನ್ಯಸೇವೆ 1967ರಲ್ಲಿ ಜಾರಿಗೆ ಬಂದಿತ್ತು. ಸ್ವಂತ ಸೂರಿಲ್ಲದ ತರುಣ ಸಿರಿವಂತರ ಆಸ್ತಿ ಕಾಯಲು ತಾನೇಕೆ ಹೋರಾಡಬೇಕೆಂದುಕೊಂಡಾನು ಎಂಬ ಚಿಂತೆ ಅವರನ್ನು ಕಾಡಿತ್ತು.

ಅಗ್ಗದ ಮನೆಗೆ ಅಗ್ಗದ ನೆಲ ಬೇಕಷ್ಟೆ. 1966ರ ಭೂಸ್ವಾಧೀನ ಶಾಸನ ಸರ್ಕಾರಕ್ಕೆ ಆ ಕೀಲಿಕೈಯನ್ನು ಕೊಟ್ಟಿತು. ಭೂಮಾಲಿಕರಿಗೆ ಬಹುಕಾಲ ದೊರೆತ ಪರಿಹಾರ ಪೇಟೆಯ ಧಾರಣೆಗಿಂತ ಕಡಿಮೆಯೇ. ಪೂರ್ಣ ಧಾರಣೆ ಕೊಡುವ ತಿದ್ದುಪಡಿಯಾದದ್ದು 2007ರಲ್ಲಿ. ಸಿಂಗಪುರದ ಮಾದರಿಯನ್ನು ಹೊಗಳುವವರು ಈ ಅಧ್ಯಾಯವನ್ನು ಬೇಗ ಮಗುಚಿಹಾಕುತ್ತಾರೆ. ಒಬ್ಬರ ಮನೆಯ ಸೋವಿ ಬೆಲೆಯಲ್ಲಿ ಮತ್ತೊಬ್ಬರ ನಷ್ಟವೂ ಸೇರಿತ್ತೆಂಬುದನ್ನು ಮರೆಯುವುದು ನ್ಯಾಯವಲ್ಲ.

ಇಂದು ಆ ದೇಶದ ನಿವಾಸಿಗಳಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ ಮಂಡಳಿಯ ಮನೆಗಳಲ್ಲಿ ಇದ್ದಾರೆ. ಅವರಲ್ಲಿ ಬಹುಪಾಲು ಜನ ಒಡೆಯರು. ಆದರೆ ಎಂತಹ ಒಡೆತನ? ಪತ್ರದಲ್ಲಿರುವುದು 99 ವರ್ಷಗಳ ಗುತ್ತಿಗೆ. ಬೆಂಗಳೂರಿನವರು ಇದನ್ನು ತಮ್ಮ ಊರಿನ ಭೋಗ್ಯವೆಂದು ತಿಳಿಯಬಾರದು. ಭೋಗ್ಯದಲ್ಲಿ ಅವಧಿ ಮುಗಿದಾಗ ಕೊಟ್ಟ ಇಡುಗಂಟು ಹಿಂದಿರುಗುತ್ತದೆ; ಅಲ್ಲಿ ಮನೆ ಹಿಂದಿರುಗುತ್ತದೆ, ಹಣವಲ್ಲ. ನಡುವಿನ ಕಾಲದಲ್ಲಿ ಮಾರಬಹುದು, ಆದರೆ ಸಾಮಾನ್ಯವಾಗಿ ಐದು ವರ್ಷವಾದರೂ ವಾಸವಿದ್ದಿರಬೇಕು. ಯಾರಿಗೆ ಮಾರಬಹುದೆಂಬುದಕ್ಕೂ ಕಟ್ಟುಂಟು. 1989ರಿಂದ ಪ್ರತಿ ವಠಾರದಲ್ಲಿಯೂ ಚೀನೀಯರು, ಮಲಯರು, ಭಾರತೀಯರು ಮತ್ತು ಇತರರಿಗೆ ಇಷ್ಟಿಷ್ಟೆಂದು ಮಿತಿಯಿದೆ. ಅಲ್ಲಿಯ ಪೌರರಾದ ಕನ್ನಡಿಗರು ಭಾರತೀಯರ ಲೆಕ್ಕಕ್ಕೆ ಸೇರುತ್ತಾರೆ. ವಠಾರದಲ್ಲಿ ಚೀನೀಯರ ಪಾಲು ತುಂಬಿದ್ದರೆ ಭಾರತೀಯನು ತನ್ನ ಮನೆಯನ್ನು ಚೀನೀಯನಿಗೆ ಮಾರುವಂತಿಲ್ಲ. ಕೊಳ್ಳುವವರು ಕಡಿಮೆಯಾದಷ್ಟೂ ಬೆಲೆ ತಗ್ಗುವ ಭಯ. ಜನಾಂಗಗಳು ಕೇರಿ ಕೇರಿಯಾಗಿ ಒಡೆಯದಿರಲೆಂಬ ಉದ್ದೇಶ ಉದಾತ್ತವೇ. ಅದರ ಸುಂಕವನ್ನು ಮಾತ್ರ ಹೆಚ್ಚಾಗಿ ಅಲ್ಪಸಂಖ್ಯಾತರೇ ತೆರುತ್ತಾರೆ.

ಕೊಳ್ಳಲಾರದವರಿಗೆ ಬಾಡಿಗೆ ಮನೆಗಳು ಇಂದಿಗೂ ಇವೆ, ಒಂದೆರಡು ಕೋಣೆಯವು. ತೀರ ಬಡವರಿಗೆ ಬಾಡಿಗೆ ಕೆಲವೇ ಹತ್ತು ಡಾಲರುಗಳು. ಆದರೆ ಒಂಟಿ ಜೀವಗಳಿಗೆ ಈ ಸೌಲಭ್ಯ ಸಿಕ್ಕಬೇಕಾದರೆ ಬಹುಕಾಲ ಇದ್ದ ನಿಯಮವೆಂದರೆ ಇನ್ನೊಬ್ಬರೊಡನೆ ಹಂಚಿಕೊಂಡಿರುವುದು. ಬಾಳಿನುದ್ದಕ್ಕೂ ಕಂಡರಿಯದ ಇಬ್ಬರು ವೃದ್ಧರು, ನಡುವೆ ಗೋಡೆಯಿಲ್ಲದ ಒಂದೇ ಕೋಣೆಯಲ್ಲಿ! ಒಬ್ಬರಿಗೆ ರಾತ್ರಿ ದೀಪ ಬೇಕು, ಮತ್ತೊಬ್ಬರಿಗೆ ಬೇಡ. ಒಡೆಯರೇ ತುಂಬಿದ ನಾಡಿನಲ್ಲಿ ಬಾಡಿಗೆದಾರನ ಗೋಳು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಈಗ ಹಳೆಯ ಮನೆಗಳ ಗುತ್ತಿಗೆ ಅರ್ಧಕ್ಕಿಂತ ಹೆಚ್ಚು ಸವೆದಿದೆ. ಮೊದಮೊದಲಿನವು 2060ರ ದಶಕದಲ್ಲಿ ಮುಗಿಯಲಿವೆ. ಹಳೆಯ ವಠಾರವನ್ನು ಸರ್ಕಾರವೇ ಕೆಡವಿ, ಪರಿಹಾರ ಕೊಟ್ಟು, ಹೊಸ ಮನೆಗೆ ದಾರಿ ಮಾಡಿಕೊಡುವ ಯೋಜನೆಯೊಂದು 1995ರಿಂದ ಇದ್ದುದರಿಂದ, ತಮ್ಮ ಸರದಿಯೂ ಬಂದೇ ಬರುವುದೆಂದು ಅನೇಕರು ನಂಬಿ ಹಳೆಯ ಮನೆಗಳಿಗೆ ದೊಡ್ಡ ಮೊತ್ತ ಸುರಿದರು. 2017ರಲ್ಲಿ, ಆಗ ರಾಷ್ಟ್ರೀಯ ಅಭಿವೃದ್ಧಿ ಸಚಿವರಾಗಿದ್ದ ಲಾರೆನ್ಸ್ ವಾಂಗ್ ಆ ಭ್ರಮೆಗೆ ತಣ್ಣೀರೆರಚಿದರು. ಅದುವರೆಗೆ ಆ ಭಾಗ್ಯ ಒದಗಿದ್ದು ನೂರರಲ್ಲಿ ನಾಲ್ಕು ಮನೆಗಳಿಗೆ. ಉಳಿದವು ಅವಧಿ ತೀರಿದೊಡನೆ ಮಂಡಳಿಗೆ ಮರಳುತ್ತವೆ. ಮನೆಯನ್ನೇ ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿಯೆಂದು ಎಣಿಸಿದ ತಂದೆತಾಯಿಯರು ಬೆಚ್ಚಿಬಿದ್ದರು. ಮರುವರ್ಷ ಸರ್ಕಾರ ಇನ್ನೊಂದು ಯೋಜನೆಯನ್ನು ಸಾರಿತು: ಸುಮಾರು 70 ವರ್ಷ ದಾಟಿದ ಆಯ್ದ ವಠಾರಗಳಲ್ಲಿ ನಿವಾಸಿಗಳ ಮತ ಪಡೆದು, ಅವಧಿಗೆ ಮೊದಲೇ ಮನೆಗಳನ್ನು ಕೊಳ್ಳುವುದು. ಪರಿಹಾರ ಮಾತ್ರ ಹಿಂದಿನಷ್ಟು ಧಾರಾಳವಾಗಿರದೆಂದು ಆಗಲೇ ತಿಳಿಸಲಾಯಿತು.

ಗುತ್ತಿಗೆ ಮುಗಿಯುವುದೆಂದರೇನೆಂಬುದನ್ನು ಸಿಂಗಪುರದ ಜನ ಅಷ್ಟರಲ್ಲೇ ಕಂಡೂ ಕಂಡರು. ಗೇಲಾಂಗ್ ಪ್ರದೇಶದ ಒಂದು ಓಣಿಯಲ್ಲಿ 191 ಸಾಲುಮನೆಗಳಿದ್ದವು. ಅವು ಮಂಡಳಿಯವಲ್ಲ, ಖಾಸಗಿಯವು; 60 ವರ್ಷದ ಗುತ್ತಿಗೆ. 2020ರ ಡಿಸೆಂಬರ್ 31ಕ್ಕೆ ಅವಧಿ ತೀರಿತು. ಪರಿಹಾರವಿಲ್ಲದೆ ಮನೆಗಳು ಸರ್ಕಾರದ ವಶವಾದವು. ತೆರವಾದ ಆ ನೆಲವನ್ನು ಮೀಸಲಿಟ್ಟಿರುವುದು ಹೊಸ ಸಾರ್ವಜನಿಕ ವಸತಿಗೆ.