ಪ್ರಾಂಗ್ ಉಂಗುರದಲ್ಲಿ ವಜ್ರ ಕೂರಿಸುವಿಕೆ

ಉಂಗುರದ ತಲೆಯಿಂದ ಮೇಲಕ್ಕೆದ್ದ ಸಣ್ಣ ಲೋಹದ ಕಾಲುಗಳ ನಡುವೆ ಹರಳನ್ನು ಬಂಧಿಸುವ ವಿಧಾನವನ್ನು ಪ್ರಾಂಗ್ ಕಟ್ಟು ಎಂದು ಕರೆಯಲಾಗುತ್ತದೆ. ದುಂಡು ವಜ್ರಕ್ಕೆ ಸಾಮಾನ್ಯವಾಗಿ ನಾಲ್ಕು ಅಥವಾ ಆರು ಪ್ರಾಂಗ್‌ಗಳಿರುತ್ತವೆ. ಹರಳನ್ನು ಹಿಡಿಯುವುದು ಮೇಲೆ ಬಾಗಿದ ತುದಿ ಮಾತ್ರವೆಂಬ ಭಾವನೆ ವ್ಯಾಪಕವಾಗಿದೆ. ವಾಸ್ತವವಾಗಿ ಭದ್ರತೆಯ ಬಹುಪಾಲು ಪ್ರಾಂಗ್‌ನ ಒಳಮೈಯಲ್ಲಿ ಕೊರೆದ ಕಚ್ಚನ್ನು ಅವಲಂಬಿಸಿದೆ.

ಹಿನ್ನೆಲೆ

ಇಂದಿನ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿರುವ ಆನೆಗೊಂದಿ ವಿಜಯನಗರದ ಇತಿಹಾಸದೊಂದಿಗೆ ಬೆಸೆದುಕೊಂಡ ಸ್ಥಳ. ಆ ಸಾಮ್ರಾಜ್ಯದಲ್ಲಿ ವಜ್ರದ ಗಣಿಗಳನ್ನು ಗುತ್ತಿಗೆಗೆ ಕೊಡಲಾಗುತ್ತಿತ್ತೆಂದೂ, ನಿಗದಿತ ತೂಕ ಮೀರಿದ ವಜ್ರಗಳು ಅರಸನಿಗೆ ಸೇರುತ್ತಿದ್ದವೆಂದೂ 16ನೆಯ ಶತಮಾನದ ಪೋರ್ಚುಗೀಸ್ ವ್ಯಾಪಾರಿ ಫೆರ್ನಾವ್ ನೂನಿಜ್ ಬರೆದಿದ್ದಾನೆ. ಆದರೆ ಭಾರತೀಯ ಪರಂಪರೆಯ ಕುಂದಣದ ಕೆಲಸದಲ್ಲಿ ಹರಳು ಮುಚ್ಚಿದ ಗೂಡಿನಲ್ಲಿರುತ್ತದೆ. ಮೆತ್ತನೆಯ ಅಪರಂಜಿಯನ್ನು ಸುತ್ತ ಒತ್ತಿ ಅದನ್ನು ಬಿಗಿಗೊಳಿಸಲಾಗುತ್ತದೆ. ಹರಳನ್ನು ಎತ್ತಿ ಹಿಡಿದು ಬದಿಗಳಿಂದಲೂ ಬೆಳಕು ಹಾಯಲು ಬಿಡುವ ಆರು ಪ್ರಾಂಗ್‌ಗಳ ಉಂಗುರವನ್ನು ಅಮೆರಿಕದ ಟಿಫಾನಿ ಸಂಸ್ಥೆ 1886ರಲ್ಲಿ ಪ್ರಚಾರಕ್ಕೆ ತಂದಿತು.

ಲೋಹದ ಆಯ್ಕೆ

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಅಕ್ಕಸಾಲಿಗರನ್ನು ಪತ್ತಾರರೆಂದು ಕರೆಯುವುದು ರೂಢಿ. ಮನೆಯ ಹಳೆಯ ಒಡವೆಯನ್ನು ಕರಗಿಸಿ ಅದೇ ಚಿನ್ನದಲ್ಲಿ ವಜ್ರದುಂಗುರ ಮಾಡಿಸುವವರು ಒಂದು ವ್ಯತ್ಯಾಸವನ್ನು ಅರಿತಿರಬೇಕು. ಹಳೆಯ ಒಡವೆ ಹೆಚ್ಚಾಗಿ 22 ಕ್ಯಾರೆಟ್‌ನದು, ಅಂದರೆ ಶೇ. 91.6ರಷ್ಟು ಚಿನ್ನ. ಕುಂದಣಕ್ಕೆ ಗುಣವಾದ ಮೆದುತನ ಪ್ರಾಂಗ್‌ಗೆ ದೋಷ: ಬಟ್ಟೆಗೆ ಸಿಕ್ಕಿದರೂ ಕಾಲು ಬಾಗಬಹುದು. ಆದ್ದರಿಂದ ಶೇ. 75 ಚಿನ್ನವಿರುವ 18 ಕ್ಯಾರೆಟ್ ಮಿಶ್ರಲೋಹ ಅಥವಾ ಪ್ಲಾಟಿನಂ ಹೆಚ್ಚು ಸೂಕ್ತ.

ವಿಧಾನ

ಮೊದಲು ಹರಳಿನ ವ್ಯಾಸವನ್ನು ಅಳೆಯಲಾಗುತ್ತದೆ. ಒಂದು ಕ್ಯಾರೆಟ್ ತೂಕದ ದುಂಡು ವಜ್ರದ ವ್ಯಾಸ ಸುಮಾರು 6.5 ಮಿ.ಮೀ. ಹರಳನ್ನು ಪ್ರಾಂಗ್‌ಗಳ ಮೇಲಿಟ್ಟು, ಅದರ ನಡುವಿನ ಅಂಚು, ಅಂದರೆ ಗರ್ಡಲ್, ನಿಲ್ಲಬೇಕಾದ ಎತ್ತರವನ್ನು ಎಲ್ಲ ಪ್ರಾಂಗ್‌ಗಳಲ್ಲೂ ಒಂದೇ ಸಮ ಗುರುತಿಸಬೇಕು. ಬಳಿಕ ಬರ್ ಎಂಬ ತಿರುಗುವ ಕೊರೆಮೊನೆಯಿಂದ ಕಚ್ಚು ಕೊರೆಯಲಾಗುತ್ತದೆ. ಅದರ ಆಳ ಪ್ರಾಂಗ್‌ನ ದಪ್ಪದ ಮೂರನೆಯ ಒಂದು ಭಾಗದಷ್ಟಿದ್ದರೆ ಸಾಕು. ಅರ್ಧ ಮೀರಿದರೆ ಪ್ರಾಂಗ್ ಅಲ್ಲಿಯೇ ಮುರಿಯುವ ಸಂಭವವಿದೆ, ಮತ್ತು ಹೊರಗಿನಿಂದ ನೋಡಿದವರಿಗೆ ಈ ದೋಷ ಕಾಣುವುದೇ ಇಲ್ಲ. ಕಚ್ಚಿನ ಕೆಳಬದಿ ವಜ್ರದ ತಳದ ಇಳಿಜಾರಿಗೆ ಹೊಂದಿಕೊಳ್ಳಬೇಕು.

ಹರಳು ಎಲ್ಲ ಕಚ್ಚುಗಳಲ್ಲೂ ಸಮನಾಗಿ ಕುಳಿತ ಮೇಲೆ ಎದುರುಬದುರಾದ ಪ್ರಾಂಗ್‌ಗಳನ್ನು ಜೋಡಿಜೋಡಿಯಾಗಿ, ಸ್ವಲ್ಪಸ್ವಲ್ಪವೇ ಒತ್ತಲಾಗುತ್ತದೆ. ಒಂದನ್ನೇ ಪೂರ್ತಿ ಒತ್ತಿದರೆ ಹರಳು ವಾಲುತ್ತದೆ. ವಜ್ರ ಅತ್ಯಂತ ಕಠಿಣ ಖನಿಜವಾದರೂ ನಾಲ್ಕು ದಿಕ್ಕುಗಳಲ್ಲಿ ಸೀಳುವ ಗುಣ ಅದಕ್ಕಿದೆ. ತೆಳು ಗರ್ಡಲ್‌ನ ಒಂದೇ ಬಿಂದುವಿನ ಮೇಲೆ ಒತ್ತಡ ಬಿದ್ದರೆ ಅಂಚು ಚಕ್ಕೆಯೇಳುತ್ತದೆ. ಕೊನೆಗೆ ತುದಿಗಳನ್ನು ಅರದಿಂದ ತೀಡಿ ದುಂಡಾಗಿಸಲಾಗುತ್ತದೆ.

ಪರೀಕ್ಷೆ ಮತ್ತು ದುರಸ್ತಿ

ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದಾಗ ಪ್ರಾಂಗ್ ಮತ್ತು ಹರಳಿನ ನಡುವೆ ಸಂದು ಕಾಣಬಾರದು. ಉಂಗುರವನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ತಟ್ಟಿದಾಗ ಸದ್ದು ಬಂದರೆ ಹರಳು ಸಡಿಲವಾಗಿದೆಯೆಂದು ಅರ್ಥ. ಬಟ್ಟೆಯ ಎಳೆ ಸಿಕ್ಕಿಕೊಂಡರೆ ತುದಿ ಎದ್ದಿದೆ. ನಿತ್ಯ ಧರಿಸುವ ಉಂಗುರದಲ್ಲಿ ತುದಿಗಳು ವರ್ಷಗಳ ಉಜ್ಜಾಟದಿಂದ ಸವೆಯುತ್ತವೆ. ಸವೆದ ತುದಿಗೆ ಹೊಸ ಲೋಹ ಬೆಸೆಯಬಹುದು. ಆಗ ಹರಳು ಅಲ್ಲಿಯೇ ಇದ್ದರೆ ಅದಕ್ಕೆ ಬೋರಿಕ್ ಆಮ್ಲದ ಲೇಪ ಕೊಡುವುದು ವಾಡಿಕೆ. ವಜ್ರವೂ ಇಂಗಾಲವೇ ಆದ್ದರಿಂದ ಗಾಳಿಯಲ್ಲಿ ಅತಿಯಾಗಿ ಕಾದರೆ ಅದರ ಮೇಲ್ಮೈ ಸುಟ್ಟು ಮಸುಕಾಗುತ್ತದೆ.