ಪೀಠವೇರಿದ ಉಳ್ಳಾಲದ ಖಾದರ್
ತಂದೆ ಯು.ಟಿ. ಫರೀದ್ ತೀರಿಕೊಂಡಾಗ 2007ರ ಉಳ್ಳಾಲ ಉಪಚುನಾವಣೆಗೆ ಕಾಂಗ್ರೆಸ್‌ನಿಂದ ನಿಂತವರು ಯು.ಟಿ. ಖಾದರ್. ಆಮೇಲೆ ಸೋತದ್ದೇ ಇಲ್ಲ. 2018ರಲ್ಲಿ ದಕ್ಷಿಣ ಕನ್ನಡದ ಎಂಟು ಕ್ಷೇತ್ರಗಳಲ್ಲಿ ಕಾಂಗ್ರೆಸ್‌ಗೆ ಉಳಿದದ್ದು ಅವರದ್ದೊಂದೇ. ಆರೋಗ್ಯ, ಆಹಾರ ಖಾತೆ ನೋಡಿಕೊಂಡಿದ್ದವರು 2023ರ ಮೇ 24ರಂದು ಅವಿರೋಧವಾಗಿ ಸ್ಪೀಕರ್ ಆದರು. ಕರ್ನಾಟಕ ವಿಧಾನಸಭೆಯಲ್ಲಿ ಆ ಪೀಠವೇರಿದ ಮೊದಲ ಮುಸ್ಲಿಂ.

ನಾವು ಖುಷಿಪಟ್ಟೆವು, ಸುಳ್ಳು ಯಾಕೆ? ಜೊತೆಗೇ ಒಂದು ಕಸಿವಿಸಿಯೂ ಇತ್ತು. ಮಂತ್ರಿಯಾಗಿದ್ದರೆ ನಮ್ಮ ಕೆಲಸಕ್ಕೆ ಖಾತೆಯ ಬಲವಿರುತ್ತಿತ್ತು. ಶಾಸಕರಷ್ಟೇ ಆಗಿದ್ದರೆ ಸದನದಲ್ಲಿ ಎದ್ದು ಪ್ರಶ್ನೆ ಕೇಳುತ್ತಿದ್ದರು. ಪೀಠದಲ್ಲಿ ಕೂತವರಿಗೆ ಅದೆರಡೂ ಇಲ್ಲ, ಎಲ್ಲರಿಗೂ ಮಾತಾಡಲು ಬಿಡಬೇಕು.

2025ರ ಮಾರ್ಚ್‌ನಲ್ಲಿ ಗದ್ದಲವೆಬ್ಬಿಸಿದ 18 ಬಿಜೆಪಿ ಶಾಸಕರನ್ನು ಆರು ತಿಂಗಳಿಗೆ ಅಮಾನತು ಮಾಡಿದರು. ಆರು ತಿಂಗಳು ಜಾಸ್ತಿಯಾಯಿತು ಅಂತ ನಮಗೆ ಆಗಲೇ ಅನಿಸಿತ್ತು. ಮೇ ತಿಂಗಳಲ್ಲೇ ವಾಪಸ್ ಪಡೆದರು.