ದೂರದ ಹಳ್ಳಿಗೆ ರೈಲಿನಲ್ಲಿ ಹೊರಡುವ ಮುನ್ನ

ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳ ಕೆಲಸಕ್ಕೆಂದು ತಮಿಳುನಾಡು, ಆಂಧ್ರಗಳಿಂದ ಬಂದು ಭದ್ರಾವತಿಯಲ್ಲೇ ನೆಲೆ ನಿಂತ ಕುಟುಂಬಗಳು ಅನೇಕ. ನಿವೃತ್ತರಾಗಿ ವರ್ಷಗಳು ಕಳೆದರೂ ಹುಟ್ಟೂರಿನ ಜಾತ್ರೆ, ಮದುವೆಗೆ ಹೋಗಿ ಬರುವ ರೂಢಿಯನ್ನು ಹಿರಿಯರು ಬಿಟ್ಟಿಲ್ಲ. ತರೀಕೆರೆ, ಬೀರೂರು, ಅರಸೀಕೆರೆ ದಾಟಿ ಬೆಂಗಳೂರು, ಅಲ್ಲಿ ರೈಲು ಬದಲಿಸಿ ಇನ್ನೊಂದು ರಾತ್ರಿಯ ಪ್ರಯಾಣ, ಬೆಳಿಗ್ಗೆ ಇಳಿದ ಮೇಲೆ ಹಳ್ಳಿಗೆ ಬಸ್ಸು. ಮೂವತ್ತರ ವಯಸ್ಸಿನಲ್ಲಿ ಲೆಕ್ಕಕ್ಕೇ ಬಾರದ ಈ ದಣಿವು ಅರವತ್ತೈದು ದಾಟಿದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ಅಪಾಯ ತರಬಲ್ಲದು. ಟಿಕೆಟ್ಟು, ಉಡುಗೊರೆಗಳ ಬಗ್ಗೆ ತಿಂಗಳ ಮೊದಲೇ ಯೋಚಿಸುವ ನಾವು ಔಷಧಿಯನ್ನು ಮಾತ್ರ ಹೊರಡುವ ಗಳಿಗೆಯಲ್ಲಿ ನೆನೆಯುತ್ತೇವೆ.

ಹಳ್ಳಿಯಿಂದಲೇ ಲೆಕ್ಕ ಆರಂಭಿಸಿ

ಮೊದಲು ಊರಿನ ನೆಂಟರನ್ನು ವಿಚಾರಿಸಿ. ಆರೋಗ್ಯ ಕೇಂದ್ರ ಎಷ್ಟು ದೂರದಲ್ಲಿದೆ? ಔಷಧಿ ಅಂಗಡಿ ಇದೆಯೇ? ಮನೆಯಲ್ಲಿ ಫ್ರಿಜ್ ಉಂಟೇ? ಅಲ್ಲಿ ಉಳಿಯುವ ದಿನಗಳಿಗೆ ಬೇಕಾದಷ್ಟು ಮಾತ್ರೆಗಳ ಜೊತೆಗೆ ಇನ್ನೊಂದು ವಾರಕ್ಕಾಗುವಷ್ಟು ಹೆಚ್ಚಿಗೆ ಇರಲಿ. ಎಲ್ಲವನ್ನೂ ಒಂದೇ ಚೀಲದಲ್ಲಿ ಇಡದೆ ಎರಡು ಕಡೆ ಹಂಚಿಡಿ. ಪ್ರಯಾಣದಲ್ಲಿ ಬೇಕಾಗುವ ಮಾತ್ರೆಗಳು ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಅಲ್ಲ, ಕೈಚೀಲದಲ್ಲಿರಬೇಕು. ಕಂಪನಿಯ ಹೆಸರು ಊರಿಂದೂರಿಗೆ ಬೇರೆಯಾಗುವುದರಿಂದ, ಔಷಧಿಯ ಮೂಲ ಹೆಸರು ಬರೆದಿರುವ ವೈದ್ಯರ ಚೀಟಿ ಜೊತೆಯಲ್ಲಿರಲಿ.

ಮುಂಗಡ ಟಿಕೆಟ್ಟನ್ನು ಈಗ 60 ದಿನ ಮೊದಲು ಕಾದಿರಿಸಬಹುದು. 2024ರ ನವೆಂಬರ್‌ಗೆ ಮೊದಲು ಈ ಅವಧಿ 120 ದಿನ ಇತ್ತು. 60 ತುಂಬಿದ ಪುರುಷರು, 45 ತುಂಬಿದ ಮಹಿಳೆಯರು ಮತ್ತು ಗರ್ಭಿಣಿಯರಿಗೆ ಕೆಳಗಿನ ಬರ್ತ್ ಕೊಡುವ ಏರ್ಪಾಡಿದೆ. ಆದರೆ ಅದು ಖಾಲಿ ಇದ್ದರೆ ಮಾತ್ರ ಸಿಗುತ್ತದೆ. ಆದ್ದರಿಂದ ತಡಮಾಡಬೇಡಿ.

ನೀರು ಬಿಡುವುದೇ ದೊಡ್ಡ ತಪ್ಪು

ಓಡುವ ರೈಲಿನಲ್ಲಿ ಶೌಚಾಲಯಕ್ಕೆ ಹೋಗುವ ಕಷ್ಟಕ್ಕೆ ಹೆದರಿ ಅನೇಕ ಹಿರಿಯರು, ವಿಶೇಷವಾಗಿ ಹೆಂಗಸರು, ಹೊರಡುವ ದಿನ ಬೆಳಗಿನಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಯನ್ನೂ ಕೆಲವರು ತಾವಾಗಿಯೇ ಬಿಡುತ್ತಾರೆ. ಇದರಿಂದ ತಲೆಸುತ್ತು, ಮಲಬದ್ಧತೆ, ಮೂತ್ರದ ಸೋಂಕು ಕಾಣಿಸಿಕೊಳ್ಳಬಹುದು. ಮಾತ್ರೆ ಬಿಟ್ಟವರಿಗೆ ರಕ್ತದೊತ್ತಡವೂ ಏರಬಹುದು. ಒಮ್ಮೆಲೇ ಲೋಟಗಟ್ಟಲೆ ಕುಡಿಯುವ ಬದಲು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕುಡಿಯಿರಿ. ಮಾತ್ರೆಯ ಹೊತ್ತನ್ನು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಹೃದಯ, ಮೂತ್ರಪಿಂಡದ ಕಾಯಿಲೆಗಾಗಿ ನೀರಿಗೆ ಮಿತಿ ಹಾಕಿಸಿಕೊಂಡವರು ಆ ಮಿತಿ ಮೀರಬಾರದು. ಜೊತೆಗಿರುವ ಮಗನೋ ಸೊಸೆಯೋ "ಅಮ್ಮಾ, ಬನ್ನಿ" ಎಂದು ಕೈ ಹಿಡಿದು ಶೌಚಾಲಯದವರೆಗೆ ಕರೆದೊಯ್ದರೆ ಈ ತೊಂದರೆಯಲ್ಲಿ ಅರ್ಧ ಅಲ್ಲೇ ಮುಗಿಯುತ್ತದೆ.

ಸಕ್ಕರೆ ಕಾಯಿಲೆ ಇರುವವರಿಗೆ

ರೈಲು ತಡವಾಗಬಹುದು, ಊಟವೂ ತಡವಾಗಬಹುದು. ಊಟ ಕೈಗೆ ಬರುವ ಮೊದಲೇ ಊಟದ ಹೊತ್ತಿನ ಇನ್ಸುಲಿನ್ ಚುಚ್ಚಿಕೊಂಡರೆ ಅಥವಾ ಸಕ್ಕರೆ ಇಳಿಸುವ ಮಾತ್ರೆ ನುಂಗಿದರೆ ರಕ್ತದ ಸಕ್ಕರೆ ಕುಸಿಯುವ ಸಂಭವವುಂಟು. ಬೆವರು, ನಡುಕ, ಎದೆಬಡಿತ, ಅಸಂಬದ್ಧ ಮಾತು ಇದರ ಲಕ್ಷಣಗಳು. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಿ. ಚೇತರಿಸಿಕೊಂಡ ಮೇಲೆ ಬಿಸ್ಕತ್ತೋ ಚಪಾತಿಯೋ ತಿನ್ನಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು.

ಬಳಸುತ್ತಿರುವ ಇನ್ಸುಲಿನ್ ಸಾಮಾನ್ಯವಾಗಿ ಸುಮಾರು ನಾಲ್ಕು ವಾರ ಹೊರಗಿದ್ದರೂ ಕೆಡುವುದಿಲ್ಲ. ಆದರೆ ಬಿಸಿಲು ತಾಗುವ ಕಿಟಕಿಯ ಬಳಿ ಇಡಬಾರದು, ಮಂಜುಗಡ್ಡೆಗೆ ನೇರವಾಗಿ ತಾಗಿಸಲೂ ಬಾರದು. ಹಳ್ಳಿಯಲ್ಲಿ ಫ್ರಿಜ್ ಇಲ್ಲದಿದ್ದರೆ ನೀರು ತುಂಬಿದ ಮಣ್ಣಿನ ಮಡಕೆಯೊಳಗೆ ಚಿಕ್ಕ ಪಾತ್ರೆಯಿಟ್ಟು, ನೀರು ತಾಗದಂತೆ ಅದರಲ್ಲಿ ಇಡಬಹುದು.

ಕಾಲುಗಳಿಗೂ ಕೆಲಸ ಕೊಡಿ

ಕುಳಿತಲ್ಲೇ ನಾಲ್ಕು ಗಂಟೆಗೂ ಹೆಚ್ಚು ಕಾಲ ಪ್ರಯಾಣ ಮಾಡಿದರೆ ಕಾಲಿನ ಒಳರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡರಷ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಇದು ವಿಮಾನಕ್ಕಷ್ಟೇ ಅಲ್ಲ, ರೈಲು, ಬಸ್ಸುಗಳಿಗೂ ಅನ್ವಯಿಸುತ್ತದೆ. ಒಟ್ಟಾರೆ ಇದು ಅಪರೂಪವೇ. ಆದರೂ ಆಗಾಗ ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಊರು ತಲುಪಿದ ದಿನಗಳಲ್ಲಿ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬಾರದು, ವೈದ್ಯರಿಗೆ ತೋರಿಸಬೇಕು. ಜೊತೆಗೆ ಉಸಿರುಗಟ್ಟಿದಂತೆ ಆದರೆ, ಎದೆ ನೋವು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಬುತ್ತಿ ಮತ್ತು ಭೇದಿ

ಮೊಸರನ್ನ, ತೆಂಗಿನಕಾಯಿ ಬೆರೆಸಿದ ಅನ್ನವನ್ನು ಮೊದಲ ಹೊತ್ತಿಗೇ ಮುಗಿಸಿಬಿಡಿ. ಮುಂದಿನ ಹೊತ್ತಿಗೆ ಚಪಾತಿ, ಚಟ್ನಿಪುಡಿ, ಒಗ್ಗರಣೆ ಹಾಕಿದ ಒಣ ಅವಲಕ್ಕಿ, ಸುಲಿದು ತಿನ್ನುವ ಬಾಳೆಹಣ್ಣು, ಕಿತ್ತಳೆ ಒಳ್ಳೆಯದು. ಭೇದಿ ಆರಂಭವಾದರೆ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಬರೆದ ಅಳತೆಯ ನೀರಿನಲ್ಲೇ ಬೆರೆಸಿ ಕುಡಿಸಿ. ಪುಡಿ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿರಿ. ಚಮಚಗಳು ಮಟ್ಟಸವಾಗಿರಲಿ.

ಕೊನೆಯದಾಗಿ, ನಿಮ್ಮ ಹೆಸರು, ಕಾಯಿಲೆ, ಸೇವಿಸುವ ಮಾತ್ರೆಗಳು, ಒಗ್ಗದ ಔಷಧಿ, ಮನೆಯವರ ದೂರವಾಣಿ ಸಂಖ್ಯೆ ಬರೆದ ಚೀಟಿ ಜೇಬಿನಲ್ಲಿರಲಿ. ರೈಲಿನಲ್ಲಿ ವೈದ್ಯಕೀಯ ನೆರವು ಬೇಕಾದರೆ 139ಕ್ಕೆ ಕರೆ ಮಾಡಿ, ಟಿಕೆಟ್ ಪರೀಕ್ಷಕರಿಗೂ ತಿಳಿಸಿ. ಹಳ್ಳಿಯಲ್ಲಾದರೆ 108ಕ್ಕೆ ಕರೆ ಮಾಡಿ. ಹೊರಡುವ ವಾರಕ್ಕೆ ಮುಂಚೆ ಒಮ್ಮೆ ನಿಮ್ಮ ವೈದ್ಯರನ್ನು ಕಂಡು, ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿಕೊಂಡೇ ರೈಲು ಹತ್ತಿರಿ.